ಬಲ್ಲವರಿಗೇಕೆ ಪರೀಕ್ಷೆಯ ಭಯ?

ಶಿವರಾತ್ರಿ ಸಮೀಪಿಸಿದಂತೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರ ಗುಂಪುಗಳು ಕೊಳ್ಳೇಗಾಲವನ್ನು ದಾಟಿ ಹನೂರಿನ ದಾರಿ ಹಿಡಿಯುವುದನ್ನು ನಮ್ಮ ಭಾಗದವರೆಲ್ಲರೂ ನೋಡಿರುತ್ತಾರೆ. ಅದೇ ದಿನಗಳಲ್ಲಿ ಇಲ್ಲಿಯ ಶಾಲಾ ಕಾಲೇಜುಗಳಲ್ಲಿ ಪರೀಕ್ಷೆಯ ಕಾವೂ ಏರತೊಡಗುತ್ತದೆ. ಮಾದಪ್ಪನಿಗೆ ಹೊತ್ತ ಹರಕೆಗಳಲ್ಲಿ ಮಕ್ಕಳ ಅಂಕಗಳಿಗಾಗಿ ಹೊತ್ತವೂ ಕೆಲವಿರುತ್ತವೆ. ವರ್ಷವೆಲ್ಲ ಓದದೆ ಕಾಲ ಕಳೆದವನು ಈ ಹೊತ್ತಿನಲ್ಲಿ ಹೆದರಿದರೆ ಆಶ್ಚರ್ಯವೇನೂ ಇಲ್ಲ. ಈಜು ಬಾರದವನು ಕಾವೇರಿಯ ಮಡುವನ್ನು ಕಂಡು ಹೆದರುವಂತೆ ಅದು ಸಹಜವೂ ಹೌದು, ಒಂದು ರೀತಿಯಲ್ಲಿ ಹಿತಕರವೂ ಹೌದು. ಆದರೆ ಚೆನ್ನಾಗಿ ಈಜಬಲ್ಲವನೇ ದಡದಲ್ಲಿ ನಿಂತು ನಡುಗುವುದೇಕೆ? ತರಗತಿಗೆಲ್ಲ ಮೊದಲಿಗನೆನಿಸಿದ ವಿದ್ಯಾರ್ಥಿಗೆ ಪ್ರಶ್ನಪತ್ರಿಕೆ ಕೈಗೆ ಬಂದ ಕ್ಷಣದಲ್ಲಿಯೇ ಕಣ್ಣು ಮಂಜಾಗುವುದೇಕೆ? ನಾವು ಭೌತಶಾಸ್ತ್ರದ ಅಧ್ಯಾಪಕರು. ಮನಶ್ಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಈ ಪ್ರಶ್ನೆಯು ಪ್ರತಿವರ್ಷವೂ ನಮ್ಮ ಮುಂದೆ ಬೆಂಚಿನ ಮೇಲೆ ಬಂದು ಕುಳಿತಿರುವುದರಿಂದ ಅದನ್ನು ವಿಚಾರಿಸದೆ ವಿಧಿಯಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಕೊಳ್ಳೇಗಾಲದ ನೇಕಾರರ ಮನೆಯ ಹುಡುಗನೊಬ್ಬನಿದ್ದನು. (ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇವೆ.) ಕಿರ್ಚಾಫನ ನಿಯಮಗಳನ್ನು ಪಾಠ ಮಾಡುತ್ತ ನಾವು ಕರಿಹಲಗೆಯ ಮೇಲೆ ಒಂದು ವಿದ್ಯುನ್ಮಂಡಲದ ಲೆಕ್ಕವನ್ನು ಬಿಡಿಸುತ್ತಿದ್ದಾಗ ನಮ್ಮ ಸಮೀಕರಣದಲ್ಲಿ ಚಿಹ್ನೆ ತಪ್ಪಿರುವುದನ್ನು ಹಿಂದಿನ ಬೆಂಚಿನಿಂದ ತೋರಿಸಿಕೊಟ್ಟವನು ಅವನೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಬಂದಿತು. ಅವನ ಉತ್ತರಪತ್ರಿಕೆಯಲ್ಲಿ ಮಂಡಲದ ಚಿತ್ರ ಅಚ್ಚುಕಟ್ಟಾಗಿತ್ತು. ಅದರ ಕೆಳಗೆ ಮೂರು ಬಾರಿ ಬರೆದು ಮೂರು ಬಾರಿಯೂ ಹೊಡೆದುಹಾಕಿದ ಒಂದೇ ಸಮೀಕರಣ. ಕೇಳಿದರೆ, “ಗೊತ್ತಿತ್ತು ಸಾರ್. ಮನೆ ಸೇರೋ ಹೊತ್ತಿಗೆ ಪೂರ್ತಿ ನೆನಪಾಯ್ತು” ಎಂದನು. ನಾವು ನಂಬಲಿಲ್ಲ. “ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ” ಎಂದು ತರಗತಿಯ ಎದುರಿನಲ್ಲಿಯೇ ಹೇಳಿದೆವು. ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತೆಂಬುದೂ ನಮ್ಮ ಮಾತು ದೊಡ್ಡ ತಪ್ಪೆಂಬುದೂ ನಮಗೆ ತಿಳಿದದ್ದು ಆಮೇಲೆ.

ಭಯವು ಮೊದಲಿಗೆ ದೇಹದ ವ್ಯಾಪಾರ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಅವರು ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದವಾಗಿ ವಿವರಿಸಿದರು. ಅಪಾಯ ಎದುರಾದಾಗ ಮಿದುಳಿನ ಸೂಚನೆಯು ನರಗಳ ಮೂಲಕ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲಪುತ್ತದೆ. ಅವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಯಕೃತ್ತಿನಲ್ಲಿ ಶೇಖರವಾಗಿದ್ದ ಸಕ್ಕರೆಯು ರಕ್ತಕ್ಕೆ ಬರುತ್ತದೆ, ಜಠರದ ಕೆಲಸ ಕುಂಠಿತವಾಗುತ್ತದೆ, ಅಂಗೈ ಬೆವರುತ್ತದೆ. ಓಡುವುದಕ್ಕಾಗಲಿ ಹೋರಾಡುವುದಕ್ಕಾಗಲಿ ಇವೆಲ್ಲವೂ ಬೇಕಾದುವೇ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಆನೆ ಎದುರಾದವನ ಪ್ರಾಣವನ್ನು ಉಳಿಸುವ ಈ ವ್ಯವಸ್ಥೆಯೇ, ಬೆಟ್ಟದ ಕೆಳಗಿನ ಯಳಂದೂರಿನ ಪರೀಕ್ಷಾ ಕೊಠಡಿಯಲ್ಲಿ, ಓಡುವಂತೆಯೂ ಇಲ್ಲದೆ ಹೋರಾಡುವಂತೆಯೂ ಇಲ್ಲದೆ ಕುಳಿತ ವಿದ್ಯಾರ್ಥಿಯ ಮೈಯಲ್ಲಿಯೂ ಕೆಲಸ ಮಾಡತೊಡಗುತ್ತದೆ. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ತೊಳಸುವುದೂ ತಿಂಡಿ ಗಂಟಲಲ್ಲಿ ಇಳಿಯದಿರುವುದೂ ಇದರಿಂದಲೇ. ಮಗು ನಟಿಸುತ್ತಿದೆಯೆಂದು ಮನೆಯವರು ತಿಳಿಯಬಾರದು.

ಈ ಉದ್ರೇಕವೆಲ್ಲವೂ ಕೆಟ್ಟದ್ದೆಂದು ಹೇಳುವಂತಿಲ್ಲ. ೧೯೦೮ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಬಿಳಿಯ ಪೆಟ್ಟಿಗೆಗೂ ಕರಿಯ ಪೆಟ್ಟಿಗೆಗೂ ಇರುವ ಭೇದವನ್ನು ಕಲಿಸಿದರು. ತಪ್ಪು ಪೆಟ್ಟಿಗೆಯನ್ನು ಹೊಕ್ಕರೆ ವಿದ್ಯುದಾಘಾತ. ಭೇದವು ನಿಚ್ಚಳವಾಗಿದ್ದಾಗ ಆಘಾತ ಹೆಚ್ಚಿದಂತೆಲ್ಲ ಇಲಿಗಳು ಬೇಗ ಕಲಿತವು. ಬೆಳಕನ್ನು ಬದಲಿಸಿ ಭೇದವು ಸುಲಭವಾಗಿ ಕಾಣದಂತೆ ಮಾಡಿದಾಗ ಮಾತ್ರ ಮಧ್ಯಮ ಪ್ರಮಾಣದ ಆಘಾತವೇ ಉತ್ತಮವೆನಿಸಿತು. ತೀವ್ರ ಆಘಾತವು ಕಲಿಕೆಯನ್ನು ಕೆಡಿಸಿತು. ಇಲಿಗಳ ಪ್ರಯೋಗವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಸುಲಭದ ಕೆಲಸಕ್ಕೂ ಕಠಿಣವಾದ ಕೆಲಸಕ್ಕೂ ಭಯದ ಪರಿಣಾಮ ಒಂದೇ ಅಲ್ಲವೆಂಬ ಸುಳಿವು ಇಲ್ಲಿಂದ ದೊರೆಯಿತು. ಮಗ್ಗಿ ಒಪ್ಪಿಸುವವನನ್ನು ಚುರುಕುಗೊಳಿಸುವ ಗಾಬರಿಯೇ ಹೊಸ ಲೆಕ್ಕವನ್ನು ಬಿಡಿಸುವವನ ಕೈ ಕಟ್ಟಿಹಾಕಬಹುದು.

೧೯೬೭ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬ ಮನಶ್ಶಾಸ್ತ್ರಜ್ಞರು ಪರೀಕ್ಷಾಭಯವನ್ನು ಎರಡಾಗಿ ಬಿಡಿಸಿ ನೋಡಿದರು. ಒಂದು ಉದ್ವೇಗ, ಅಂದರೆ ಮೇಲೆ ಹೇಳಿದ ಎದೆಬಡಿತ, ಬೆವರು ಮೊದಲಾದವು. ಇನ್ನೊಂದು ಚಿಂತೆ: ‘ಕೆಟ್ಟರೆ ಏನು ಗತಿ, ಅವರು ಏನೆಂದುಕೊಂಡಾರು’ ಎಂದು ತಲೆಯೊಳಗೆ ನಡೆಯುವ ಮಾತು. ಅಂಕಗಳನ್ನು ಕಡಿಮೆ ಮಾಡುವುದು ಮುಖ್ಯವಾಗಿ ಈ ಎರಡನೆಯದೆಂದು ಅನಂತರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಎದೆ ಎಷ್ಟು ಬಡಿದುಕೊಂಡರೂ ಲೆಕ್ಕ ಬಿಡಿಸಬಹುದು. ಆದರೆ ತಲೆಯೊಳಗೆ ಇನ್ನೊಬ್ಬರು ಮಾತನಾಡುತ್ತಿದ್ದರೆ ಬಿಡಿಸುವುದು ಕಷ್ಟ.

ಇದೇಕೆ ಹೀಗೆಂಬುದನ್ನು ತಿಳಿಯಲು ‘ಕಾರ್ಯಸ್ಮೃತಿ’ ಎಂಬ ಕಲ್ಪನೆಯನ್ನು ಅರಿತುಕೊಳ್ಳಬೇಕು. ೧೯೭೪ರಲ್ಲಿ ಬ್ರಿಟನ್ನಿನ ಬ್ಯಾಡ್ಲಿ ಮತ್ತು ಹಿಚ್ ಎಂಬುವರು ಇದಕ್ಕೆ ಸ್ಪಷ್ಟರೂಪ ಕೊಟ್ಟರು. ನಾವು ಓದಿದ್ದೆಲ್ಲವೂ ಮನಸ್ಸಿನ ಉಗ್ರಾಣದಲ್ಲಿರುತ್ತದೆ. ಕೆಲಸಕ್ಕೆ ಬೇಕಾದಾಗ ಅದರಲ್ಲಿ ಸ್ವಲ್ಪವನ್ನು ತೆಗೆದು ಒಂದು ಚಿಕ್ಕ ಸ್ಲೇಟಿನ ಮೇಲೆ ಬರೆದುಕೊಳ್ಳುತ್ತೇವೆ. ೪೩ರಿಂದ ೧೭ನ್ನು ಮನಸ್ಸಿನಲ್ಲಿಯೇ ಕಳೆದು, ಉಳಿದದ್ದು ೧೩ರಿಂದ ನಿಶ್ಶೇಷವಾಗಿ ಭಾಗವಾಗುವುದೇ ಎಂದು ನೋಡಿರಿ. ದಶಕದಿಂದ ತಂದ ಒಂದು, ಉಳಿದ ಶೇಷ, ಮುಂದೆ ಮಾಡಬೇಕಾದ ಭಾಗಾಕಾರ, ಇವಿಷ್ಟನ್ನೂ ಕ್ಷಣಕಾಲ ಹಿಡಿದಿಟ್ಟುಕೊಂಡದ್ದು ಆ ಸ್ಲೇಟು. ಅದರ ಅಳತೆ ಎಲ್ಲರಲ್ಲಿಯೂ ಬಹಳ ಚಿಕ್ಕದು. ಕೆಲವರಲ್ಲಿ ಉಳಿದವರಿಗಿಂತ ಸ್ವಲ್ಪ ದೊಡ್ಡದು. ಗಣಿತ ಭೌತಶಾಸ್ತ್ರಗಳಲ್ಲಿ ನಾವು ‘ಬುದ್ಧಿವಂತ’ ಎಂದು ಕರೆಯುವವನ ಬಂಡವಾಳದಲ್ಲಿ ಈ ದೊಡ್ಡ ಸ್ಲೇಟೂ ಒಂದು. ಚಿಂತೆಯು ಬಂದು ಬರೆಯುವುದು ಇದರ ಮೇಲೆಯೇ. ಉಗ್ರಾಣದಲ್ಲಿದ್ದ ವಿದ್ಯೆ ಎಲ್ಲಿಯೂ ಹೋಗಿರುವುದಿಲ್ಲ. ಅದನ್ನು ಹೊರಗೆ ತಂದು ಹರಡುವುದಕ್ಕೆ ಎಡೆಯಿಲ್ಲದಂತಾಗಿರುತ್ತದೆ, ಅಷ್ಟೆ. ನಮ್ಮ ಹುಡುಗನಿಗೆ ಮನೆ ಸೇರುವ ಹೊತ್ತಿಗೆ ಎಲ್ಲವೂ ನೆನಪಾದದ್ದು ಹೀಗೆ.

ಇನ್ನು ಮುಖ್ಯ ಪ್ರಯೋಗಕ್ಕೆ ಬರೋಣ. ೨೦೦೫ರಲ್ಲಿ ಸೀಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಎಂಬ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಕಾರ್ಯಸ್ಮೃತಿಯನ್ನು ಅಳೆದು, ಅವರಿಗೆ ಮೇಲೆ ಹೇಳಿದ ಬಗೆಯ ಲೆಕ್ಕಗಳನ್ನೇ ಕೊಟ್ಟರು. ಒತ್ತಡವಿಲ್ಲದಿದ್ದಾಗ ದೊಡ್ಡ ಸ್ಲೇಟಿನವರು ಕಠಿಣವಾದ ಲೆಕ್ಕಗಳಲ್ಲಿ ಮುಂದಿದ್ದರು, ಇದು ನಿರೀಕ್ಷಿತವೇ. ಒತ್ತಡ ಹೇರಿದಾಗ ಚಿಕ್ಕ ಸ್ಲೇಟಿನವರ ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ದೊಡ್ಡ ಸ್ಲೇಟಿನವರು ಇಳಿದು ಅವರ ಮಟ್ಟಕ್ಕೇ ಬಂದರು! ಯಾರ ಬಳಿ ಹೆಚ್ಚು ಇತ್ತೋ ಅವರಿಂದಲೇ ಚಿಂತೆ ಹೆಚ್ಚನ್ನು ಕಸಿದುಕೊಂಡಿತು. ಚಿಕ್ಕ ಸ್ಲೇಟಿನವನು ಮೊದಲಿನಿಂದಲೂ ಅಂದಾಜು, ಅಡ್ಡದಾರಿಗಳಿಂದ ಕೆಲಸ ಸಾಗಿಸಿಕೊಂಡವನು. ದೊಡ್ಡ ಸ್ಲೇಟಿನವನಾದರೋ ಅನೇಕ ಹಂತಗಳನ್ನು ಏಕಕಾಲದಲ್ಲಿ ಹಿಡಿದುಕೊಳ್ಳುವ ವಿಧಾನವನ್ನೇ ನಂಬಿರುತ್ತಾನೆ. ಸ್ಥಳ ಕಡಿಮೆಯಾದರೆ ಆ ವಿಧಾನವೇ ಮುರಿದುಬೀಳುತ್ತದೆ.

ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು ಗ್ಯಾಲ್ವನೋಮೀಟರನ್ನು ಬಲ್ಲರಷ್ಟೆ. ಉಪಕರಣವು ಸೂಕ್ಷ್ಮವಾದಷ್ಟೂ ಅತ್ಯಲ್ಪ ವಿದ್ಯುತ್ತಿಗೂ ಮುಳ್ಳು ಸ್ಪಂದಿಸುತ್ತದೆ. ಯಾರಾದರೂ ಮೇಜನ್ನು ತಟ್ಟಿದರೆ ನಡುಗುವುದೂ ಅದೇ ಮುಳ್ಳು. ಅದಕ್ಕಾಗಿ ಯಾರೂ ಸೂಕ್ಷ್ಮತೆಯನ್ನು ದೂಷಿಸುವುದಿಲ್ಲ, ಮೇಜನ್ನು ತಟ್ಟಬೇಡಿರೆನ್ನುತ್ತಾರೆ.

ಮೇಜನ್ನು ತಟ್ಟುವವರು ಯಾರು? ಆ ಪ್ರಯೋಗದಲ್ಲಿ ಒತ್ತಡವನ್ನು ನಿರ್ಮಿಸಿದ ರೀತಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಸಂಶೋಧಕರು ಲೆಕ್ಕಗಳನ್ನು ಹೆಚ್ಚು ಕಠಿಣ ಮಾಡಲಿಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಗೂ ಮೂರು ಮಾತುಗಳನ್ನು ಹೇಳಿದರು. ಚೆನ್ನಾಗಿ ಮಾಡಿದರೆ ಹಣ ಸಿಗುತ್ತದೆ. ನಿನ್ನ ಜೊತೆಗಾರನು ತನ್ನ ಭಾಗವನ್ನು ಆಗಲೇ ಚೆನ್ನಾಗಿ ಮುಗಿಸಿದ್ದಾನೆ. ನೀನು ಎಡವಿದರೆ ಅವನಿಗೂ ಹಣವಿಲ್ಲ. ನೀನು ಲೆಕ್ಕ ಮಾಡುವುದನ್ನು ಚಿತ್ರೀಕರಿಸಿ ಅಧ್ಯಾಪಕರಿಗೂ ಇತರ ವಿದ್ಯಾರ್ಥಿಗಳಿಗೂ ತೋರಿಸುತ್ತೇವೆ. ಮೊದಲನೆಯದನ್ನು ಬಿಟ್ಟರೆ ಉಳಿದೆರಡೂ ಸಂಬಂಧಗಳೇ: ನನ್ನನ್ನು ನಂಬಿದವನೊಬ್ಬ, ನನ್ನನ್ನು ನೋಡುವವರು ಹಲವರು. ಪ್ರಶ್ನಪತ್ರಿಕೆಯ ಹಿಂದೆ ಮುಖಗಳನ್ನು ತಂದು ನಿಲ್ಲಿಸಿದೊಡನೆ ಬುದ್ಧಿವಂತನ ಬುದ್ಧಿ ಕುಗ್ಗಿತು.

ನಮ್ಮ ಊರುಗಳಲ್ಲಿ ಈ ಮೂರು ಮಾತುಗಳನ್ನು ಹೇಳಲು ಸಂಶೋಧಕರು ಬರಬೇಕಾಗಿಲ್ಲ. ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ೬೨೫ಕ್ಕೆ ೬೨೫ ಪಡೆದ ಮಕ್ಕಳ ಭಾವಚಿತ್ರಗಳು. ಬಸ್ ನಿಲ್ದಾಣದ ಬಳಿ ಫ್ಲೆಕ್ಸ್ ಹಲಗೆಗಳು. ಮದುವೆಮನೆಯಲ್ಲಿ ಚಿಕ್ಕಮ್ಮ ದೊಡ್ಡಮ್ಮಂದಿರ ಪ್ರಶ್ನೆಗಳು. ಇವು ಬಹಿರಂಗವಾದ ಒತ್ತಡಗಳು, ಎಲ್ಲರಿಗೂ ಗೊತ್ತಿರುವುವು. ಕಣ್ಣಿಗೆ ಕಾಣದ ಒತ್ತಡವೊಂದಿದೆ. ಹನೂರಿನಾಚೆಯ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಕಿರುಪರೀಕ್ಷೆಯ ದಿನಗಳಲ್ಲೆಲ್ಲ ಹೊಟ್ಟೆನೋವು. ಆಕೆಯ ತಂದೆಯನ್ನು ಕರೆಸಿದೆವು. ಸಾಧು ಮನುಷ್ಯ. “ನಾ ಒಂದ್ ಮಾತೂ ಅನ್ನಲ್ಲ ಸಾ. ಎಷ್ಟಾದ್ರೂ ತಗೊ ಕೂಸೇ ಅಂದಿವ್ನಿ” ಎಂದರು. ಅವರು ಹೋದ ಮೇಲೆ ಹುಡುಗಿ ಹೇಳಿದಳು: “ಅಪ್ಪ ಏನೂ ಕೇಳಲ್ಲ ಸಾರ್. ಅದಕ್ಕೇ ಭಯ.” ಹಸುವನ್ನು ಮಾರಿ ಶುಲ್ಕ ಕಟ್ಟಿದ ದಿನ ಆಕೆ ಮನೆಯಲ್ಲಿಯೇ ಇದ್ದಳು. ಗದರಿಸುವ ತಂದೆಯ ಮೇಲೆ ಸಿಟ್ಟಾಗಬಹುದು. ಗದರಿಸದೆ ತ್ಯಾಗ ಮಾಡುವ ತಂದೆಯೆದುರಿನಲ್ಲಿ ಮಗು ತಾನೇ ತನ್ನನ್ನು ಗದರಿಸಿಕೊಳ್ಳುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಲ್ಲಿ ಈ ಋಣದ ಭಾವವನ್ನು ನಾವು ಬಹಳವಾಗಿ ಕಂಡಿದ್ದೇವೆ. ಬುದ್ಧಿ ಚುರುಕಾಗಿದ್ದಷ್ಟೂ ಮಗುವಿಗೆ ಲೆಕ್ಕ ಬೇಗ ತಿಳಿಯುತ್ತದೆ, ಈ ಲೆಕ್ಕವೂ ಸಹ.

ಇದೇ ಹುಡುಗಿಯ ಇನ್ನೊಂದು ಕಷ್ಟವನ್ನು ಹೇಳದೆ ಬಿಡಲಾಗದು. ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೊದಲಿಗಳಾಗಿದ್ದವಳು, ಪಿ.ಯು.ಸಿ. ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷಿನ ನಡುವೆ ಬಿದ್ದಳು. ತನ್ನಂತೆಯೇ ತಮ್ಮ ತಮ್ಮ ಊರುಗಳಲ್ಲಿ ಮೊದಲಿಗರಾಗಿದ್ದವರ ನಡುವೆಯೂ ಬಿದ್ದಳು. ಊರ ಕೆರೆಯಲ್ಲಿ ದೊಡ್ಡದೆನಿಸಿದ್ದ ಮೀನು ನದಿಗೆ ಬಂದಾಗ ತಾನು ಚಿಕ್ಕದೆಂದು ತಿಳಿಯುವಂತಹ ಈ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು ೧೯೮೪ರಿಂದೀಚೆಗೆ ಮೀನು-ಕೊಳದ ಹೆಸರಿನಲ್ಲಿಯೇ ಚರ್ಚಿಸಿದ್ದಾರೆ. ಇಸ್ರೇಲಿನಲ್ಲಿ ಜೈಡ್ನರ್ ಮತ್ತು ಶ್ಲೇಯರ್ ಎಂಬುವರು ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಭಾವಂತರಿಗಾಗಿಯೇ ಮೀಸಲಾದ ತರಗತಿಗಳಲ್ಲಿ ಓದುವ ಮಕ್ಕಳಿಗೆ, ಸಾಮಾನ್ಯ ತರಗತಿಗಳಲ್ಲಿಯೇ ಉಳಿದ ಪ್ರತಿಭಾವಂತರಿಗಿಂತ ಪರೀಕ್ಷಾಭಯ ಹೆಚ್ಚಾಗಿದ್ದುದು ಕಂಡುಬಂದಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರತಿಭಾವಂತರೆಲ್ಲರೂ ಭಯಗ್ರಸ್ತರೆಂದು ಇದರರ್ಥವಲ್ಲ. ಸರಾಸರಿಯಲ್ಲಿ ನೋಡಿದರೆ ಕಲಿಕೆಯಲ್ಲಿ ಮುಂದಿರುವವರಿಗೆ ಪರೀಕ್ಷಾಭಯ ಕಡಿಮೆಯೇ. ನಾವು ಹೇಳುತ್ತಿರುವುದು ಭಯ ಹೊಕ್ಕ ಪ್ರತಿಭಾವಂತನ ವಿಷಯ. ಹೊಕ್ಕಾಗ ಅವನ ನಷ್ಟ ಹೆಚ್ಚು, ನೋಡುವವರ ನಂಬಿಕೆ ಕಡಿಮೆ.

ಹೊಗಳಿಕೆಯಿಂದಲೂ ಭಯ ಹುಟ್ಟೀತೆಂದರೆ ಓದುಗರು ನಂಬಲಾರರೇನೋ. ೧೯೯೮ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರು ಐದನೆಯ ತರಗತಿಯ ಮಕ್ಕಳಿಗೆ ಮೊದಲು ಸುಲಭವಾದ ಸಮಸ್ಯೆಗಳನ್ನು ಕೊಟ್ಟು, ಕೆಲವರನ್ನು ‘ಜಾಣರು’ ಎಂದೂ ಕೆಲವರನ್ನು ‘ಚೆನ್ನಾಗಿ ಶ್ರಮಪಟ್ಟಿರಿ’ ಎಂದೂ ಹೊಗಳಿದರು. ಬಳಿಕ ಕಠಿಣವಾದ ಸಮಸ್ಯೆಗಳನ್ನು ಕೊಟ್ಟು ಸೋಲಿಸಿ, ಮೂರನೆಯ ಬಾರಿ ಮತ್ತೆ ಮೊದಲಿನಂತಹವನ್ನೇ ಕೊಟ್ಟರು. ಜಾಣರೆನಿಸಿಕೊಂಡವರು ಈಗ ಮೊದಲಿಗಿಂತ ಕೆಳಗಿಳಿದರು. ಶ್ರಮವನ್ನು ಹೊಗಳಿಸಿಕೊಂಡವರು ಮೇಲೇರಿದರು. ತಮ್ಮ ಅಂಕಗಳನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಮೊದಲ ಗುಂಪಿನಲ್ಲಿಯೇ ಅಧಿಕ. ಈ ವಿಚಾರವನ್ನು ಆಧರಿಸಿ ಅನಂತರ ದೊಡ್ಡ ಪ್ರಮಾಣದಲ್ಲಿ ನಡೆಸಿದ ಶಾಲಾ ಕಾರ್ಯಕ್ರಮಗಳಲ್ಲಿ ಪರಿಣಾಮವು ಅಲ್ಪವೆಂದೇ ಕಂಡುಬಂದಿರುವುದರಿಂದ ಇದನ್ನು ಸರ್ವರೋಗ ನಿವಾರಕವೆಂದು ಭಾವಿಸಬೇಕಾಗಿಲ್ಲ. ಆದರೆ ಒಂದು ಅಂಶ ನಮಗೆ ನಿಜವೆನಿಸುತ್ತದೆ. ‘ಜಾಣ’ ಎಂಬುದು ಮಗುವಿನ ಹೆಸರೇ ಆಗಿಬಿಟ್ಟರೆ ಪ್ರತಿಯೊಂದು ಪರೀಕ್ಷೆಯೂ ಆ ಹೆಸರನ್ನು ಕಿತ್ತುಕೊಳ್ಳಲು ಬಂದ ಅಧಿಕಾರಿಯಂತೆ ಕಾಣುತ್ತದೆ. ನಮಗೂ ಇದರ ಅನುಭವವುಂಟು. ವಿದ್ಯಾರ್ಥಿದೆಸೆಯಲ್ಲಿ ಹತ್ತಾರು ಬಾರಿ ಜೋಡಿಸಿದ್ದ ಮೀಟರ್ ಬ್ರಿಡ್ಜಿನ ತಂತಿಗಳನ್ನು ಪ್ರಾಯೋಗಿಕ ಪರೀಕ್ಷೆಯ ದಿನ ಅರ್ಧ ಗಂಟೆ ಹಿಡಿದುಕೊಂಡು ನಿಂತಿದ್ದೆವು. ನಮ್ಮ ಅಧ್ಯಾಪಕರು ಹೊರಗಿನಿಂದ ಬಂದ ಪರೀಕ್ಷಕರಿಗೆ “ಇವನು ನಮ್ಮ ಬ್ಯಾಚಿನ ರತ್ನ” ಎಂದು ಆಗತಾನೆ ಪರಿಚಯಿಸಿ ಹೋಗಿದ್ದರು.

ಇದೆಲ್ಲ ಈ ಕಾಲದ ವ್ಯಾಧಿಯೆಂದು ಹೇಳುವವರು ಶ್ರೀನಿವಾಸ ರಾಮಾನುಜನ್ ಅವರ ಹದಿಹರೆಯವನ್ನು ನೆನೆಯಬೇಕು. ಅವರು ೧೮೮೭ರಲ್ಲಿ ಹುಟ್ಟಿದ ಈರೋಡು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ನಮ್ಮ ಕೊಳ್ಳೇಗಾಲವೂ ೧೯೫೬ರವರೆಗೆ ಅದೇ ಜಿಲ್ಲೆಯ ಭಾಗ. ೧೯೦೪ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದ ಅವರು ಗಣಿತವೊಂದನ್ನುಳಿದು ಬೇರಾವುದಕ್ಕೂ ಗಮನ ಕೊಡದೆ ವೇತನವನ್ನು ಕಳೆದುಕೊಂಡರು. ಅವರು ಅನುತ್ತೀರ್ಣರಾದದ್ದು ಪರೀಕ್ಷಾಭಯದಿಂದ ಎನ್ನಲಾಗದು. ಆದರೆ ಆಮೇಲೆ ನಡೆದದ್ದನ್ನು ನೋಡಿರಿ: ೧೯೦೫ರ ಆಗಸ್ಟಿನಲ್ಲಿ, ಹದಿನೇಳು ವರ್ಷದ ಆ ಹುಡುಗ ಮನೆಯಲ್ಲಿ ಹೇಳದೆ ರೈಲು ಹತ್ತಿ ವಿಶಾಖಪಟ್ಟಣದತ್ತ ಹೊರಟುಹೋದನು. ಅನಂತ ಶ್ರೇಣಿಗಳಿಗೆ ಹೆದರದವನಿಗೆ ಮನೆಯವರ ಮುಖ ನೋಡುವುದು ಕಷ್ಟವಾಗಿರಬೇಕು.

ಹಾಗಾದರೆ ಮಾಡುವುದೇನು? ವಿದ್ಯಾರ್ಥಿಗಳಿಗೆ ಮೊದಲು ಎರಡು ಮಾತು. ೨೦೧೧ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಅವರು, ಪರೀಕ್ಷೆಗೆ ಸ್ವಲ್ಪ ಮುಂಚೆ ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಮರೆಮಾಚದೆ ಕಾಗದದ ಮೇಲೆ ಬರೆದ ಭಯಸ್ಥ ವಿದ್ಯಾರ್ಥಿಗಳು ಹಾಗೆ ಬರೆಯದವರಿಗಿಂತ ಉತ್ತಮವಾಗಿ ಉತ್ತರಿಸಿದರೆಂದು ವರದಿ ಮಾಡಿದರು. ಚಿಂತೆಯು ಕಾಗದಕ್ಕೆ ಇಳಿದಷ್ಟೂ ಸ್ಲೇಟು ತೆರವಾಗುತ್ತದೆಯೆಂದು ಇದನ್ನು ಅರ್ಥೈಸಬಹುದು. ಎರಡನೆಯದಾಗಿ, ಎದೆಬಡಿತವನ್ನು ಸೋಲಿನ ಸೂಚನೆಯೆಂದು ಓದಬೇಡಿರಿ. ಉದ್ರೇಕವು ಕೆಲಸಕ್ಕೆ ಅಡ್ಡಿಯಲ್ಲ, ಸಹಾಯಕವೂ ಆಗಬಹುದು ಎಂದು ಮೊದಲೇ ತಿಳಿಸಿದ್ದ ವಿದ್ಯಾರ್ಥಿಗಳು ಗಣಿತದಲ್ಲಿ ಹೆಚ್ಚು ಅಂಕ ಪಡೆದರೆಂದು ಜೇಮೀಸನ್ ಮತ್ತು ಸಂಗಡಿಗರು ೨೦೧೦ರಲ್ಲಿ ತೋರಿಸಿದರು. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ, ಗಡಿಯಾರ ಮುಂದಿಟ್ಟುಕೊಂಡು, ಬರೆದು ನೋಡುವುದು ಮೇಲು. ಹಾಗೆ ರೂಢಿಯಾದ ಹಂತಗಳು ಸ್ಲೇಟಿನಲ್ಲಿ ಕಡಿಮೆ ಜಾಗ ಹಿಡಿಯುತ್ತವೆ. ೨೦೨೪ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ವಾರ್ಷಿಕ ಪರೀಕ್ಷೆಗಳನ್ನು ಅದೇ ವರ್ಷದಲ್ಲಿ ಮತ್ತೆ ಬರೆದು ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶ ಬಂದಿರುವುದೂ ಒಂದು ಸಮಾಧಾನ. ನಿದ್ರೆ ಕೆಟ್ಟು, ಅನ್ನ ಸೇರದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಹೋದರೆ ಮಾತ್ರ ಇಂತಹ ಉಪಾಯಗಳನ್ನು ನೆಚ್ಚಿ ಕೂರಬಾರದು. ಕೂಡಲೇ ಹಿರಿಯರಿಗೆ ತಿಳಿಸಿ ವೈದ್ಯರನ್ನು ಕಾಣಬೇಕು. ೨೦೨೨ರಲ್ಲಿ ಪ್ರಾರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಮನೆಯವರಿಗೆ ಹೇಳಬೇಕಾದದ್ದು ಕಡಿಮೆ. ‘ಹೆದರಬೇಡ’ ಎಂಬ ಮಾತಿನಿಂದ ಭಯ ಹೋದದ್ದನ್ನು ನಾವು ಕಂಡಿಲ್ಲ. ಹನೂರಿನ ಕಡೆಯ ಆ ತಂದೆಗೆ ನಾವು ಒಂದನ್ನು ಮಾತ್ರ ಕೇಳಿಕೊಂಡೆವು: ಹಸುವಿನ ವಿಷಯವನ್ನು ಮಗಳ ಜೊತೆ ಬಾಯಿಬಿಟ್ಟು ಮಾತನಾಡಿರಿ, ಅವಳು ಪಾಸಾದರೂ ಆಗದಿದ್ದರೂ ಅದು ತೀರಿಸಬೇಕಾದ ಸಾಲವಲ್ಲವೆಂದು ನೀವೇ ಹೇಳಿರಿ. ಅವರು ಹೇಳಿದರು. ಹೊಟ್ಟೆನೋವು ಪೂರ್ತಿಯಾಗಿ ನಿಲ್ಲಲಿಲ್ಲ. ಆದರೆ ಹುಡುಗಿ ಪರೀಕ್ಷೆಯ ದಿನ ಗೈರುಹಾಜರಾಗುವುದು ನಿಂತಿತು, ಅರ್ಥವಾಗದ ಇಂಗ್ಲಿಷ್ ಪದಗಳನ್ನು ಎದ್ದುನಿಂತು ಕೇಳತೊಡಗಿದಳು.

ನಾವು ಅಧ್ಯಾಪಕರು ಬಿಡಬೇಕಾದ ಅಭ್ಯಾಸಗಳೇ ಹೆಚ್ಚು. ಉತ್ತರಪತ್ರಿಕೆಗಳನ್ನು ಅಂಕಗಳ ಕ್ರಮದಲ್ಲಿ ಕೂಗಿ ಹಂಚುವುದನ್ನು ನಾವು ಬಿಟ್ಟೆವು. ಪೂರ್ವಸಿದ್ಧತಾ ಪರೀಕ್ಷೆಯ ಬೆಳಿಗ್ಗೆ ಒಂದೊಂದು ಹಾಳೆ ಕೊಟ್ಟು ಹತ್ತು ನಿಮಿಷ ಬಿಡುತ್ತೇವೆ. ಅದನ್ನು ನಾವು ಓದುವುದಿಲ್ಲ, ಹಿಂದಕ್ಕೆ ಪಡೆಯುವುದೂ ಇಲ್ಲ. ನೇಕಾರರ ಮನೆಯ ಹುಡುಗನ ವಿಷಯದಲ್ಲಿ ಇದೆಲ್ಲ ತಡವಾಯಿತು. ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರದಲ್ಲಿ ಅವನಿಗೆ ಬಂದ ಅಂಕಗಳು ಅವನ ಯೋಗ್ಯತೆಗೆ ಕಡಿಮೆಯೇ. ತರಗತಿಯ ಎದುರಿನಲ್ಲಿ ಆಡಿದ ಮಾತನ್ನು, ಬೀಳ್ಕೊಡುಗೆಯ ದಿನ, ಅದೇ ತರಗತಿಯ ಎದುರಿನಲ್ಲಿ ನಾವು ಹಿಂದಕ್ಕೆ ತೆಗೆದುಕೊಂಡೆವು. ಅವನು “ಪರವಾಗಿಲ್ಲ ಬಿಡಿ ಸಾರ್” ಎಂದನು. ಈಗ ಮೈಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾನೆ.